ಟಿವಿ ಪಕ್ಕದ ಕಂಪ್ಯೂಟರಿಗೆ ಎಂಥ ಡಬ್ಬ ತಗೊಳ್ಳೋದು?

ಬೆಂಗಳೂರಲ್ಲಿ ಕೆಲಸ, ಮಲೆನಾಡಲ್ಲಿ ಅಪ್ಪ-ಅಮ್ಮ. ನನ್ನ ವಯಸ್ಸಿನ ಸುಮಾರು ಜನರ ಕಥೆ ಇದೇ. ಊರಿನ ಟಿವಿಗೆ ಒಂದು ಸಣ್ಣ ಕಂಪ್ಯೂಟರ್ ಜೋಡಿಸಿ, ಸಿನಿಮಾ, ಯಕ್ಷಗಾನದ ರೆಕಾರ್ಡಿಂಗು, ಅಕ್ಕನ ಮದುವೆ ವಿಡಿಯೋ, ಹಳೇ ಫೋಟೋ ಎಲ್ಲ ಅದರಲ್ಲಿ ಹಾಕಿಬಿಡಬೇಕು ಅನ್ನೋ ಆಸೆಯೂ ಸುಮಾರು ಜನರಿಗಿದೆ. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಅಂತ ರಾತ್ರಿಯೆಲ್ಲ ಓದ್ತೀವಿ. ಕ್ಯಾಬಿನೆಟ್ ಮಾತ್ರ ಕೊನೆಗೆ, ಉಳಿದ ಚಿಲ್ಲರೆ ದುಡ್ಡಲ್ಲಿ. ಕಳಸ, ಮೂಡಿಗೆರೆ ಕಡೆ ಮನೆಗಾದರೆ ಈ ಲೆಕ್ಕವನ್ನ ತಲೆಕೆಳಗು ಮಾಡಿ ಅಂತೀನಿ ನಾನು. ಮೊದಲು ಡಬ್ಬ ಯಾವುದು ಅಂತ ತೀರ್ಮಾನ ಆಗಲಿ. ಬೋರ್ಡು, ಕೂಲರ್, ಕರೆಂಟ್ ಖರ್ಚು ಎಲ್ಲ ಅದರ ಹಿಂದೆ ಬರುತ್ತೆ.

ಅದಕ್ಕೂ ಮುಂಚೆ ಒಂದು ಮಾತು. ನಿಮಗೆ ಬೇಕಾಗಿರೋದು ಬರೀ ಓಟಿಟಿ ಆಗಿದ್ರೆ ಈ ಅಂಕಣ ಇಲ್ಲಿಗೇ ಬಿಡಿ. ಟಿವಿ ಹಿಂದೆ ಚುಚ್ಚೋ ಸ್ಟಿಕ್ ಒಂದು ಸಾಕು. ಅಗ್ಗ, ರಿಮೋಟ್ ಜೊತೆಗೇ ಬರುತ್ತೆ, ಕರೆಂಟೂ ತಿನ್ನಲ್ಲ.

ಆದ್ರೆ ಜುಲೈ ತಿಂಗಳಲ್ಲಿ ಒಂದು ವಾರ ಕಳಸದಲ್ಲಿ ಇದ್ದು ನೋಡಿ. ಭದ್ರೆ ಏರಿದ್ರೆ ಹೊರನಾಡಿಗೆ ಹೋಗೋ ಹೆಬ್ಬಾಳೆ ಸೇತುವೆ ನೀರಿನೊಳಗೆ. ಲೈನ್ ಮೇಲೆ ಎಲ್ಲೋ ಒಂದು ಸಿಲ್ವರ್ ಓಕ್ ಬಿದ್ದಿರುತ್ತೆ. ಟವರಿನ ಬ್ಯಾಟರಿ ಮುಗಿದ ಮೇಲೆ ಮೊಬೈಲೂ ಸತ್ತಂಗೆ. ತೋಟಕ್ಕೆ ಇಳಿಯೋ ಹಂಗಿಲ್ಲ, ಪೇಟೆಗೆ ಹೋಗೋ ಹಂಗಿಲ್ಲ. ಆರು ಗಂಟೆಗೇ ಕತ್ತಲು. ಮನೆಯಲ್ಲಿ ಇಬ್ಬರೇ ವಯಸ್ಸಾದವರು. ನೆಟ್ ಇಲ್ಲದ ದಿನ ಸ್ಟಿಕ್ ಅನ್ನೋದು ಬರೀ ಪ್ಲಾಸ್ಟಿಕ್ ತುಂಡು. ಮನೆಯೊಳಗೇ ಡಿಸ್ಕಲ್ಲಿ ಏನಿದೆಯೋ ಅದಷ್ಟೇ ಆ ದಿನದ ಜೊತೆಗಾರ. ನಾನು ಈ ಕಂಪ್ಯೂಟರ್ ಹಚ್ಚಿಕೊಂಡಿದ್ದು ಅದಕ್ಕೇ. ಕ್ಯಾಬಿನೆಟ್ ಮತ್ತೆ ಎಸ್‌ಎಂಪಿಎಸ್ ಸೇರಿ ನಾಲ್ಕು ಸಾವಿರ ದಾಟಬಾರದು ಅಂತ ಬಜೆಟ್ ಹಾಕ್ಕೊಂಡಿದ್ದೆ. ಅಮ್ಮನ ಷರತ್ತು ಒಂದೇ: "ಶೋಕೇಸಲ್ಲಿ ಟಿವಿ ಪಕ್ಕ ಹಿಡಿಯೋ ಹಂಗಿರಲಿ ಮಾರಾಯ, ಗೋದ್ರೇಜ್ ಬೀರು ತಂದು ಇಡಬೇಡ."

ಅಳತೆಯಿಂದ ಶುರು ಮಾಡೋಣ. ಮಾಮೂಲಿ ಎಟಿಎಕ್ಸ್ ಬೋರ್ಡು 305 × 244 ಮಿ.ಮೀ. ಮೈಕ್ರೋ ಎಟಿಎಕ್ಸ್ 244 × 244. ಇವೆರಡಕ್ಕಿಂತ ಚಿಕ್ಕದು ಮಿನಿ ಐಟಿಎಕ್ಸ್, 170 × 170. ಅಂದ್ರೆ ಅಂಗೈ ಅಗಲಿಸಿ ಅದರ ಮೇಲಿಟ್ಟರೆ ಮುಚ್ಚುವಷ್ಟು. 2001ರಲ್ಲಿ ವಿಯಾ ಅನ್ನೋ ತೈವಾನ್ ಕಂಪನಿ ತಂದ ಅಳತೆ ಇದು, ಇವತ್ತಿಗೂ ಅದೇ ನಡೀತಿದೆ. ಟಿವಿ ಪಕ್ಕಕ್ಕೆ ಇದೇ ಸರಿ. ಆದ್ರೆ ಅಂಗಡಿಯವರು "ಮಿನಿ ಕ್ಯಾಬಿನೆಟ್" ಅಂತ ತೋರಿಸೋದರಲ್ಲಿ ಅರ್ಧಕ್ಕರ್ಧ ಮೈಕ್ರೋ ಎಟಿಎಕ್ಸ್ ಟವರ್‌ಗಳು. ಹೆಸರು ನಂಬಬೇಡಿ, ಟೇಪ್ ಹಿಡಿದು ಹೋಗಿ. ಮನೆಯಿಂದ ಹೊರಡೋಕೆ ಮುಂಚೆ ಶೋಕೇಸಿನ ಆಳ ಅಳೆಯಿರಿ. ಹಿಂದೆ ಎಚ್‌ಡಿಎಂಐ ಕೇಬಲ್ ಬಾಗೋಕೆ ನಾಲ್ಕೈದು ಸೆಂಟಿಮೀಟರ್ ಜಾಗ ಬೇಕು. ಇದನ್ನ ಎಲ್ಲರೂ ಮರೀತಾರೆ.

ಡಬ್ಬದ ಗಾತ್ರವನ್ನ ನಿಜವಾಗಿ ನಿರ್ಧಾರ ಮಾಡೋದು ಬೋರ್ಡಲ್ಲ, ಎಸ್‌ಎಂಪಿಎಸ್. ಮಾಮೂಲಿ ಎಸ್‌ಎಂಪಿಎಸ್ 150 ಮಿ.ಮೀ ಅಗಲ, 86 ಮಿ.ಮೀ ಎತ್ತರ. ಅದನ್ನ ಒಳಗೆ ಹಾಕಿದ ಮೇಲೆ ಡಬ್ಬ ತೆಳ್ಳಗಿರೋಕೆ ಸಾಧ್ಯವೇ ಇಲ್ಲ. ಎಸ್‌ಎಫ್‌ಎಕ್ಸ್ ಅನ್ನೋ ಚಿಕ್ಕದಿದೆ, 125 × 63.5. ಗಾತ್ರ ಕಮ್ಮಿ, ಬೆಲೆ ಜಾಸ್ತಿ. ಕ್ಯಾಬಿನೆಟ್ಟಲ್ಲಿ ಉಳಿಸಿದ ದುಡ್ಡನ್ನ ಅದೇ ನುಂಗುತ್ತೆ. ಹಾಗಾಗಿ "ಅಗ್ಗದ ಕ್ಯಾಬಿನೆಟ್" ಅನ್ನೋವಾಗ ಅದರ ಜೊತೆಗೆ ಯಾವ ಎಸ್‌ಎಂಪಿಎಸ್ ಹೇರುತ್ತೆ ಅನ್ನೋದನ್ನೂ ಕೂಡಿಸಿಯೇ ಬೆಲೆ ನೋಡಬೇಕು. ಇನ್ನು, ಕ್ಯಾಬಿನೆಟ್ ಜೊತೆ ಫ್ರೀ ಅಂತ ಬರೋ, ಹೆಸರೂರಿಲ್ಲದ 450 ವ್ಯಾಟಿನ ಎಸ್‌ಎಂಪಿಎಸ್ ಇರುತ್ತಲ್ಲ, ಅದನ್ನ ಕೈಯಲ್ಲಿ ಎತ್ತಿ ನೋಡಿ. ಖಾಲಿ ಟಿಫನ್ ಡಬ್ಬಿ ಥರ ಹಗುರ ಅನ್ನಿಸಿದ್ರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ನಾನು ಹೋಗಿದ್ದು ಮೂರನೇ ದಾರಿಗೆ: ಎಸ್‌ಎಂಪಿಎಸ್ಸೇ ಇಲ್ಲದ ಡಬ್ಬ. ಲ್ಯಾಪ್‌ಟಾಪಿನದರಂಥ ಅಡಾಪ್ಟರ್ ಹೊರಗಿರುತ್ತೆ, ಡಬ್ಬಕ್ಕೆ ಬರೋದು ಬರೀ 12 ಅಥವಾ 19 ವೋಲ್ಟ್ ಡಿಸಿ. 2023ರ ಜನವರಿಯಲ್ಲಿ ಇಂಟೆಲ್ ಎನ್100 ಅನ್ನೋ ಪ್ರೊಸೆಸರ್ ತಂದಿತು, ನಾಲ್ಕು ಕೋರ್, 6 ವ್ಯಾಟ್. ಅದನ್ನ ಬೆಸೆದೇ ಕೊಡೋ ಮಿನಿ ಐಟಿಎಕ್ಸ್ ಬೋರ್ಡುಗಳಲ್ಲಿ ಕೆಲವಕ್ಕೆ 19 ವೋಲ್ಟ್ ಅಡಾಪ್ಟರನ್ನ ನೇರ ಚುಚ್ಚಬಹುದು. ಫ್ಯಾನ್ ಇಲ್ಲ, ಬರೀ ಅಲ್ಯೂಮಿನಿಯಂ ಹೀಟ್‌ಸಿಂಕ್. 4ಕೆ ವಿಡಿಯೋ ಅದಕ್ಕೆ ಕಷ್ಟವೇ ಅಲ್ಲ, ವಿಡಿಯೋ ಬಿಚ್ಚೋ ಕೆಲಸಕ್ಕೆ ಚಿಪ್ಪಿನೊಳಗೇ ಬೇರೆ ವ್ಯವಸ್ಥೆ ಇದೆ.

ಯಾಕೆ ಇಷ್ಟು ವ್ಯಾಟ್ ಲೆಕ್ಕ ಅಂದ್ರೆ, ನಮ್ಮ ಕಡೆ ಮಳೆಗಾಲದಲ್ಲಿ ಟಿವಿ ಓಡೋದು ಯುಪಿಎಸ್ ಮೇಲೆ. ಸುಮಾರು ಮನೆಗಳಲ್ಲಿ 12 ವೋಲ್ಟಿನ 150 ಎಎಚ್ ಬ್ಯಾಟರಿ ಒಂದು ಇರುತ್ತೆ. ಗುಣಿಸಿದ್ರೆ 1,800 ವ್ಯಾಟ್-ಅವರ್. ಬ್ಯಾಟರಿ ಬೇಗ ಹಾಳಾಗಬಾರದು ಅಂದ್ರೆ ಅರ್ಧದಷ್ಟೇ ಬಳಸೋದು ಒಳ್ಳೇದು, ಅಂದ್ರೆ 900. ಮೂರು ಎಲ್‌ಇಡಿ ಬಲ್ಬು 27 ವ್ಯಾಟ್, ರೂಟರ್ 10, 32 ಇಂಚಿನ ಟಿವಿ 50 ಅಂತಿಟ್ಟುಕೊಳ್ಳಿ. ಫ್ಯಾನಿನ ಲೆಕ್ಕ ಬೇಡ, ಜುಲೈಯಲ್ಲಿ ನಮ್ಮಲ್ಲಿ ಫ್ಯಾನ್ ಹಾಕೋರು ಬೆಂಗಳೂರಿಂದ ಬಂದ ನೆಂಟರು ಮಾತ್ರ. ಒಟ್ಟು 87. ಇದಕ್ಕೆ 15 ವ್ಯಾಟಿನ ಕಂಪ್ಯೂಟರ್ ಸೇರಿಸಿದ್ರೆ ಕಾಗದದ ಮೇಲೆ ಎಂಟೂಮುಕ್ಕಾಲು ಗಂಟೆ. ಹಳೇ ಗೇಮಿಂಗ್ ಕಂಪ್ಯೂಟರನ್ನೇ ತಂದಿಟ್ಟು ಅದು 80 ವ್ಯಾಟ್ ಎಳೀತು ಅಂದ್ರೆ ಐದೂವರೆ ಗಂಟೆಗೂ ಕಮ್ಮಿ. ಯುಪಿಎಸ್ಸಿನೊಳಗಿನ ನಷ್ಟ ಕಳೆದ್ರೆ ಎರಡೂ ಇನ್ನಷ್ಟು ಇಳಿಯುತ್ತೆ. ಮೂರು ಗಂಟೆ ವ್ಯತ್ಯಾಸ ಅಂದ್ರೆ ಒಂದು ಸಿನಿಮಾ, ಊಟ, ರಾತ್ರಿ ಎದ್ದಾಗ ಬೇಕಾದ ಲೈಟು. ದೊಡ್ಡ ಎಸ್‌ಎಂಪಿಎಸ್ ಇಲ್ಲಿ ಇನ್ನೊಂದು ಏಟು ಕೊಡುತ್ತೆ. 450 ವ್ಯಾಟಿನದಕ್ಕೆ 20 ವ್ಯಾಟಿನ ಕೆಲಸ ಕೊಟ್ಟರೆ ಅದು ಶೇಕಡ 5ರಷ್ಟೂ ಲೋಡ್ ಆಗಲ್ಲ. ಅಷ್ಟು ಕಮ್ಮಿ ಲೋಡಲ್ಲಿ ಎಸ್‌ಎಂಪಿಎಸ್‌ಗಳು ಕರೆಂಟ್ ಪೋಲು ಮಾಡೋದೇ ಹೆಚ್ಚು. ಲೈನಿನ ಕೊನೆಯಲ್ಲಿರೋ ತೋಟದ ಮನೆಗಳಲ್ಲಿ ಸಂಜೆ ವೋಲ್ಟೇಜ್ ಕುಸಿಯೋದು ನಿಮಗೆ ಗೊತ್ತೇ ಇದೆ. ಒಳ್ಳೇ ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಬರೆದಿರುತ್ತೆ. ಅದಕ್ಕೆ ಕುಸಿತ ಗೊತ್ತೇ ಆಗಲ್ಲ.

ಈಗ ಥಂಡಿ ವಿಷಯ. ಚಾಪೆ, ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲದಕ್ಕೂ ಬೂಷ್ಟು ಹಿಡಿಯೋ ಊರಿದು. ಕಂಪ್ಯೂಟರ್ ಬಿಟ್ಟೀತಾ? ಇದಕ್ಕೆ ನಮ್ಮ ಮನೆಗಳಲ್ಲೇ ಹಳೇ ಉಪಾಯ ಇದೆ. ಕ್ಯಾಮೆರಾ ಇಟ್ಟ ಬೀರುವಿನೊಳಗೆ ಝೀರೋ ಬಲ್ಬ್ ಉರಿಸ್ತಿದ್ರಲ್ಲ, ಅದೇ. ಸುತ್ತಲಿನ ಗಾಳಿಗಿಂತ ಒಂದಿಷ್ಟು ಬಿಸಿ ಇರೋ ವಸ್ತುವಿನ ಮೇಲೆ ನೀರು ಕೂರಲ್ಲ. ಏಳೆಂಟು ವ್ಯಾಟಲ್ಲಿ ಸುಮ್ಮನೆ ಆನ್ ಆಗಿರೋ ಕಂಪ್ಯೂಟರ್ ತನ್ನನ್ನ ತಾನೇ ಒಣಗಿಸಿಕೊಳ್ಳುತ್ತೆ. ವಾರಗಟ್ಟಲೆ ಆಫ್ ಮಾಡಿ ಬಟ್ಟೆ ಮುಚ್ಚಿಟ್ಟಿದ್ದೇ ಮೊದಲು ಕೆಡೋದು. ಹಾಗಾಗಿ ಮಳೆಗಾಲದಲ್ಲಿ ಕರೆಂಟ್ ಇದ್ದಷ್ಟು ಹೊತ್ತು ಆನ್ ಇರಲಿ ಅನ್ನೋದು ನನ್ನ ಅಭಿಪ್ರಾಯ. ಇದಕ್ಕೆ ಸಣ್ಣ ಡಬ್ಬವೇ ವಾಸಿ, ಕಮ್ಮಿ ಬಿಸಿಗೇ ಒಳಗೆಲ್ಲ ಬೆಚ್ಚಗಾಗುತ್ತೆ.

ಎಲ್ಲಿ ಇಡೋದು ಅನ್ನೋದೂ ಮುಖ್ಯ. ಮಳೆ ಹೊಡೆಯೋದು ಪಡುವಣದಿಂದ. ಆ ಕಡೆ ಗೋಡೆ ಜೂನಿಂದ ಸೆಪ್ಟೆಂಬರ್‌ವರೆಗೂ ಬೆವರ್ತಾ ಇರುತ್ತೆ. ಟಿವಿ ಹಿಂದಿನ 100 × 100 ಮಿ.ಮೀ ಸ್ಕ್ರೂ ತೂತುಗಳಿಗೆ ಡಬ್ಬ ನೇತು ಹಾಕೋದು ನೋಡೋಕೆ ಚಂದ, ಆದ್ರೆ ಟಿವಿ ಇರೋದು ಪಡುವಣ ಗೋಡೆ ಮೇಲಾದ್ರೆ ಬೇಡ. ಶೋಕೇಸಲ್ಲೇ ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿ.

ಬಿಸಿ ಇದ್ದಲ್ಲಿಗೆ ಜೀವಿಗಳೂ ಬರ್ತವೆ. ಇದನ್ನ ಬೆಂಗಳೂರಿನ ಅಂಗಡಿಯವರಿಗೆ ಹೇಳಿದ್ರೆ ನಗ್ತಾರೆ. ಮೂಡಿಗೆರೆಯ ಸ್ನೇಹಿತನೊಬ್ಬನ ಮನೆಯಲ್ಲಿ ಎಸ್‌ಎಂಪಿಎಸ್ ಒಳಗೆ ಹಲ್ಲಿ ಹೋಗಿ ಎರಡೂ ಒಟ್ಟಿಗೇ ಸತ್ತವು. ಇರುವೆಗಳು ಮೊಟ್ಟೆ ಸಮೇತ ಸಂಸಾರ ಹೂಡ್ತವೆ. ಮಣ್ಣಿನ ಗೂಡು ಕಟ್ಟೋ ಕಣಜ ಇದೆಯಲ್ಲ, ಅದಕ್ಕೆ ಬೀಗದ ತೂತೂ ಒಂದೇ, ಖಾಲಿ ಯುಎಸ್‌ಬಿ ಪೋರ್ಟೂ ಒಂದೇ. ಅದಕ್ಕೇ ಕ್ಯಾಬಿನೆಟ್ ಆರಿಸೋವಾಗ ಗಾಳಿ ತೂತುಗಳನ್ನ ನೋಡಿ. ಎರಡೇ ದೊಡ್ಡ ಸೀಳು ಇರೋದಕ್ಕಿಂತ ಅಗಲವಾಗಿ ಸಣ್ಣ ಸಣ್ಣ ತೂತು ಇರೋದು ಮೇಲು. ಒಳಗಿನಿಂದ ಸೊಳ್ಳೆ ಪರದೆಯ ನೈಲಾನ್ ಬಲೆ ಅಂಟಿಸಬಹುದು. ಬಲೆ ಗಾಳಿಯನ್ನ ಸ್ವಲ್ಪ ತಡೆಯುತ್ತೆ, ಅದಕ್ಕೇ ತೂತಿನ ಜಾಗ ಅಗಲ ಇರಬೇಕು ಅಂದಿದ್ದು. ಫ್ಯಾನ್ ಇಲ್ಲದ ಯಂತ್ರವಾದ್ರೆ ಧೂಳೂ ಹುಳವೂ ಒಳಗೆ ಎಳೆದುಕೊಳ್ಳಲ್ಲ. ಬಳಸದ ಪೋರ್ಟುಗಳಿಗೆ ರಬ್ಬರ್ ಮುಚ್ಚಳ ಹಾಕಿ, ಇಲ್ಲಾಂದ್ರೆ ಇನ್ಸುಲೇಷನ್ ಟೇಪಾದ್ರೂ ಸಾಕು.

ಬೆಸೆದ ಬೋರ್ಡು ಬೇಡ, ಬೇರೆ ಪ್ರೊಸೆಸರ್ ಹಾಕ್ತೀನಿ ಅನ್ನೋರು ಕೂಲರಿನ ಎತ್ತರ ನೋಡಿಕೊಳ್ಳಿ. ಇಂಟೆಲ್ ಪ್ರೊಸೆಸರ್ ಜೊತೆ ಬರೋ ಕೂಲರ್ರೇ ಐದು ಸೆಂಟಿಮೀಟರಿಗೆ ಹತ್ತಿರ, ಎಎಂಡಿಯದು ಇನ್ನೂ ಸ್ವಲ್ಪ ಎತ್ತರ. ತೆಳು ಕ್ಯಾಬಿನೆಟ್ಟಿನ ಮುಚ್ಚಳ ಕೂರೋದೇ ಇಲ್ಲ. ತೆಳು ತಗಡಿನ ಡಬ್ಬಕ್ಕೆ 3.5 ಇಂಚಿನ ಹಾರ್ಡ್ ಡಿಸ್ಕ್ ಕೂರಿಸಿದ್ರೆ ಇಡೀ ಡಬ್ಬ ಗುಂಯ್ ಅನ್ನುತ್ತೆ. ರಾತ್ರಿ ಮಳೆ ನಿಂತ ಮೇಲೆ ಆ ಸದ್ದು ಎಷ್ಟು ದೊಡ್ಡದು ಅಂತ ಗೊತ್ತಾಗೋದು. ಎಸ್‌ಎಸ್‌ಡಿ ಹಾಕಿ. ಮತ್ತೆ, ಅಕ್ಕನ ಮದುವೆ ವಿಡಿಯೋದ ಇನ್ನೊಂದು ಪ್ರತಿ ಬೆಂಗಳೂರಲ್ಲಿ ಇಟ್ಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ಒಂದು ಮಾತು ಹೇಳಲೇಬೇಕು: ಅತಿ ಅಗ್ಗದ ಪುಟ್ಟ ಕ್ಯಾಬಿನೆಟ್ ಅಂದ್ರೆ ಒಳಗೆ ಕಂಪ್ಯೂಟರ್ ಸಮೇತ ಬರೋದು. ಆಫೀಸುಗಳು ಬಳಸಿ ಬಿಟ್ಟ ಲೆನೊವೊ ಟೈನಿ, ಡೆಲ್ ಮೈಕ್ರೋ, ಎಚ್‌ಪಿ ಮಿನಿ ಥರದವು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಸಿಗ್ತವೆ. ಹೆಚ್ಚುಕಮ್ಮಿ 18 ಸೆಂ.ಮೀ ಚೌಕ, ಮೂರೂವರೆ ಸೆಂ.ಮೀ ದಪ್ಪ, ಲೋಹದ ಗಟ್ಟಿ ಮೈ, ಹೊರಗಿನ ಅಡಾಪ್ಟರ್. ಒಳಗೊಂದು ಸಣ್ಣ ಫ್ಯಾನ್ ಇರುತ್ತೆ, ಅದೊಂದು ಕೊರತೆ. ಜೋಡಿಸೋ ಖುಷಿ ಬೇಡ, ಅಪ್ಪನಿಗೆ ಸಿನಿಮಾ ಓಡಿದ್ರೆ ಸಾಕು ಅನ್ನೋರಿಗೆ ನಾನು ಇದನ್ನೇ ಹೇಳೋದು. ಹೊಸದಾಗಿ ಬಿಡಿಭಾಗ ತಂದು ಜೋಡಿಸೋದು ಫ್ಯಾನ್ ಇಲ್ಲದೇ ಬೇಕು ಅನ್ನೋರಿಗೆ, ಅಥವಾ ನನ್ನಂಥ ಹುಚ್ಚು ಇರೋರಿಗೆ.

ಇನ್ನು ಬಟನ್. ಅಂಗಡಿಯಲ್ಲಿ ಯಾರೂ ಇದನ್ನ ನೋಡಲ್ಲ. ಪವರ್ ಬಟನ್ ಮುಂದೆ ಇರಬೇಕು, ದೊಡ್ಡದಿರಬೇಕು, ಒತ್ತಿದ್ದು ಬೆರಳಿಗೆ ಗೊತ್ತಾಗಬೇಕು. ನನ್ನ ಅಪ್ಪ ಕನ್ನಡಕ ಹುಡುಕಿಕೊಂಡು ಬಂದು ಬಟನ್ ಹುಡುಕೋ ಹಂಗಿದ್ರೆ ಆ ಡಬ್ಬ ಎಷ್ಟೇ ಚಂದ ಇದ್ರೂ ದಂಡ. ಮುಂಭಾಗದ ನೀಲಿ ಲೈಟಿಗೆ ಟೇಪ್ ಹಚ್ಚಿ, ಕತ್ತಲಲ್ಲಿ ಕಣ್ಣಿಗೆ ಚುಚ್ಚುತ್ತೆ. ಬಯಾಸ್ ಒಳಗೆ, ಕರೆಂಟ್ ಹೋಗಿ ಬಂದ ಮೇಲೆ ತಾನೇ ಆನ್ ಆಗೋ ಆಯ್ಕೆ ಇರುತ್ತೆ, ಅದನ್ನ ಹಾಕಿಡಿ. ಆನ್ ಆದ ಕೂಡಲೇ ಕೋಡಿ ತೆರೆದುಕೊಳ್ಳಲಿ. ಮೊದಲ ಎಕ್ಸ್‌ಬಾಕ್ಸಿಗೆ ಅಂತ ಹುಟ್ಟಿ, 2014ರಲ್ಲಿ ಹೆಸರು ಬದಲಾಯಿಸಿಕೊಂಡ ಉಚಿತ ತಂತ್ರಾಂಶ ಅದು. ಟಿವಿಯ ರಿಮೋಟಿಂದಲೇ ಎಲ್ಲ ನಡೀಬೇಕು ಅಂತಿದ್ರೆ ಒಂದು ತೊಡಕಿದೆ: ಎಚ್‌ಡಿಎಂಐ ಮೂಲಕ ರಿಮೋಟಿನ ಮಾತು ಕೇಳಿಸಿಕೊಳ್ಳೋ ಸೌಲಭ್ಯ ರಾಸ್ಪ್‌ಬೆರಿ ಪೈಯಲ್ಲಿ ಇರುತ್ತೆ, ಹೆಚ್ಚಿನ ಕಂಪ್ಯೂಟರ್ ಬೋರ್ಡುಗಳಲ್ಲಿ ಇರಲ್ಲ. ನಾನು ಯುಎಸ್‌ಬಿಗೆ ಚುಚ್ಚೋ ಸಣ್ಣ ರಿಸೀವರ್ ಇರೋ ರಿಮೋಟ್ ಹಾಕಿದೆ. ತಗಡಿನ ಡಬ್ಬದ ಹಿಂದೆ ಚುಚ್ಚಿದ್ರೆ ಸಿಗ್ನಲ್ ಸರಿಯಾಗಿ ಬರಲ್ಲ. ಹಾಗಾಗಿ ಮುಂಭಾಗದಲ್ಲಿ ಒಂದಾದ್ರೂ ಯುಎಸ್‌ಬಿ ಇರೋ ಕ್ಯಾಬಿನೆಟ್ಟನ್ನೇ ತಗೊಳ್ಳಿ.

ಕೊನೆಗೆ ಗುಡುಗು. ಏಪ್ರಿಲ್, ಮೇಯಲ್ಲಿ ಮಳೆ ಜೊತೆ ಬರೋ ಸಿಡಿಲು ಯಾವ ಕ್ಯಾಬಿನೆಟ್ಟನ್ನೂ ಕೇಳಲ್ಲ. ಅದು ಕರೆಂಟ್ ತಂತಿಯಲ್ಲೇ ಬರಬೇಕು ಅಂತಿಲ್ಲ, ಫೋನ್ ಲೈನಲ್ಲಿ, ಡಿಶ್ ಕೇಬಲ್ಲಲ್ಲಿ, ಅಲ್ಲಿಂದ ರೂಟರಿಗೆ, ರೂಟರಿಂದ ನೆಟ್‌ವರ್ಕ್ ಕೇಬಲ್ ಹಿಡಿದು ನಿಮ್ಮ ಡಬ್ಬಕ್ಕೂ ಬರುತ್ತೆ. ಮನೆಗೆ ಅರ್ತಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ನೋಡಿಸಿ. ನಮ್ಮನೆಯಲ್ಲಿ ಅಡಾಪ್ಟರ್, ಟಿವಿ, ಡಿಶ್, ರೂಟರ್ ನಾಲ್ಕರ ಪ್ಲಗ್ಗನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ದೀನಿ. ಕುದುರೆಮುಖದ ಕಡೆ ಮೋಡ ಕಪ್ಪಾದ್ರೆ ಅಮ್ಮ ಆ ಒಂದು ಪ್ಲಗ್ ಕಿತ್ತು, ಡಿಶ್ ಕೇಬಲ್ ಬಿಚ್ಚಿ, ರೂಟರಿಂದ ಫೋನ್ ಲೈನಿನ ವಯರನ್ನೂ ಎಳೆದಿಡ್ತಾರೆ. ವಯರಿಗೆ ಕೆಂಪು ದಾರ ಕಟ್ಟಿದ್ದೀನಿ, ಯಾವುದು ಅಂತ ಗೊತ್ತಾಗಲಿ ಅಂತ.