ಒಂದು ಡಾಲರಿನ ಹಾಯಿದೋಣಿ ಮತ್ತು ಒಂದು ರೂಪಾಯಿಯ ಯಂತ್ರ

ಎಲ್ಲರ ಸ್ವತ್ತು ಯಾರ ಸ್ವತ್ತೂ ಅಲ್ಲ ಎಂಬ ಮಾತು ನಮ್ಮ ವಾಣಿಜ್ಯ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ನಾಲ್ಕಾರು ಉದ್ದಿಮೆದಾರರು ಕೂಡಿ ಕೊಂಡ ಯಂತ್ರ ಕೆಟ್ಟು ನಿಂತಾಗ, ಕೈಗಾರಿಕಾ ವಸಾಹತಿನ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಬೀಗ ಬಿದ್ದಾಗ, ಈ ಮಾತನ್ನೇ ಅಂತಿಮ ತೀರ್ಪಿನಂತೆ ಉದ್ಧರಿಸಲಾಗುತ್ತದೆ. ಈ ತೀರ್ಪು ಪೂರ್ಣಸತ್ಯವಲ್ಲ ಎಂಬುದು ನನ್ನ ಅಭಿಪ್ರಾಯ. ಹಂಚಿಕೊಂಡ ಆಸ್ತಿ ನಾಶವಾಗುವುದು ಹಂಚಿಕೊಂಡದ್ದರಿಂದಲ್ಲ. ಯಾರು ಬಳಸಬೇಕು, ಯಾರು ದುರಸ್ತಿ ಮಾಡಿಸಬೇಕು, ಯಾರು ಹಣ ತೆರಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಡದೆ ಹೋದದ್ದರಿಂದ. ಇದಕ್ಕೆ ನಿದರ್ಶನವಾಗಿ ಅಮೆರಿಕದ ಬಾಸ್ಟನ್ ನಗರದ ಕಮ್ಯುನಿಟಿ ಬೋಟಿಂಗ್ ಎಂಬ ಹಾಯಿದೋಣಿ ಸಂಸ್ಥೆಯ ಚರಿತ್ರೆಯನ್ನು ಓದುಗರ ಮುಂದಿಡಬಯಸುತ್ತೇನೆ.

ಹಾಯಿದೋಣಿಯ ವಿಹಾರವೆಂದರೆ ಸಿರಿವಂತರ ಹವ್ಯಾಸವೆಂಬ ಭಾವನೆ ಎಲ್ಲೆಡೆ ಇದೆ. ದೋಣಿಯ ಬೆಲೆ, ಅದನ್ನು ನಿಲ್ಲಿಸುವ ತಾಣದ ಬಾಡಿಗೆ, ಹಾಯಿ ಮತ್ತು ಹಗ್ಗಗಳ ಬದಲಾವಣೆ, ಚಳಿಗಾಲದ ದುರಸ್ತಿ ಇವೆಲ್ಲವನ್ನೂ ಒಬ್ಬನೇ ಭರಿಸಬೇಕಾದಲ್ಲಿ ಈ ಭಾವನೆ ನಿಜವೂ ಹೌದು. ವರ್ಷದ ಬಹುಪಾಲು ದಿನ ಖಾಸಗಿ ದೋಣಿ ಸುಮ್ಮನೆ ನಿಂತಿರುತ್ತದೆ. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಅದು ಬಂಡವಾಳವನ್ನು ನುಂಗಿ ಕುಳಿತ ನಿಷ್ಕ್ರಿಯ ಆಸ್ತಿ.

ಬಾಸ್ಟನ್ನಿನ ಕಥೆ ಆರಂಭವಾಗುವುದು ದೋಣಿಯಿಂದಲ್ಲ, ಅಣೆಕಟ್ಟಿನಿಂದ. ನಗರದ ಪಕ್ಕದಲ್ಲಿ ಹರಿಯುವ ಚಾರ್ಲ್ಸ್ ನದಿಯ ಮುಖದಲ್ಲಿ ಸಮುದ್ರದ ಉಬ್ಬರವಿಳಿತವಿದ್ದು, ನೀರಿಳಿದಾಗ ದುರ್ವಾಸನೆಯ ಕೆಸರುಗದ್ದೆಯೇ ಕಾಣುತ್ತಿತ್ತು. 1910ರಲ್ಲಿ ಪೂರ್ಣಗೊಂಡ ಅಣೆಕಟ್ಟು ಅಲ್ಲಿ ಸ್ಥಿರವಾದ ಸಿಹಿನೀರಿನ ಜಲಾಶಯವನ್ನು ನಿರ್ಮಿಸಿತು. ಅಣೆಕಟ್ಟಿಗಾಗಿ ಜನಾಭಿಪ್ರಾಯ ರೂಪಿಸಿದವರಲ್ಲಿ ಪ್ರಮುಖರು ಜೇಮ್ಸ್ ಸ್ಟಾರೊ ಎಂಬ ಹೂಡಿಕೆ ಬ್ಯಾಂಕರ್. ಅವರು 1910ರಲ್ಲಿ ಅಲ್ಪಕಾಲ ಜನರಲ್ ಮೋಟಾರ್ಸ್ ಕಂಪನಿಯ ಅಧ್ಯಕ್ಷರೂ ಆಗಿದ್ದರು. 1926ರಲ್ಲಿ ಅವರು ನಿಧನರಾದ ಮೇಲೆ ಪತ್ನಿ ಹೆಲೆನ್ ಸ್ಟಾರೊ ಅವರು ನದೀತೀರದ ಅಭಿವೃದ್ಧಿಗಾಗಿ 10 ಲಕ್ಷ ಡಾಲರ್ ದಾನ ನೀಡಿದರು. ಒಬ್ಬ ವ್ಯವಹಾರಸ್ಥನ ದೂರದೃಷ್ಟಿ ಮತ್ತು ಒಂದು ಕುಟುಂಬದ ಔದಾರ್ಯ ಸೇರಿ ನೀರು ಮತ್ತು ದಡ ಎರಡೂ ಸಾರ್ವಜನಿಕರಿಗೆ ದೊರೆತವು.

ಆದರೆ ನೀರಿದ್ದ ಮಾತ್ರಕ್ಕೆ ಬಡವರ ಮಕ್ಕಳು ಅಂಬಿಗರಾಗುವುದಿಲ್ಲ. 1930ರ ದಶಕದ ಮಧ್ಯಭಾಗದಲ್ಲಿ, ಆರ್ಥಿಕ ಮಹಾಕುಸಿತದ ದಿನಗಳಲ್ಲಿ, ಜೋಸೆಫ್ ಲೀ ಕಿರಿಯರು ಈ ಕೊರತೆಯನ್ನು ತುಂಬಲು ಮುಂದಾದರು. ಇವರ ತಂದೆ ಹಿರಿಯ ಜೋಸೆಫ್ ಲೀ ಅವರು ಅಮೆರಿಕದಲ್ಲಿ ಮಕ್ಕಳ ಆಟದ ಮೈದಾನಗಳ ಚಳವಳಿಯ ಪಿತಾಮಹರೆಂದು ಹೆಸರಾದವರು. ನದಿಗೆ ಹತ್ತಿರದ ವೆಸ್ಟ್ ಎಂಡ್ ಬಡಾವಣೆಯಲ್ಲಿ ಇಟಲಿ, ಪೋಲೆಂಡ್ ಮೊದಲಾದ ದೇಶಗಳಿಂದ ವಲಸೆ ಬಂದ ದುಡಿಯುವ ಕುಟುಂಬಗಳಿದ್ದವು. ಆ ಮಕ್ಕಳಿಗೆ ಲೀ ಅವರು ದೋಣಿ ಕೊಡಿಸಲಿಲ್ಲ. ದೋಣಿ ಕಟ್ಟುವುದನ್ನು ಕಲಿಸಿದರು. ತಮ್ಮ ಕೈಯಾರೆ ಹಲಗೆ ಜೋಡಿಸಿದ ದೋಣಿಯನ್ನು ಯಾವ ಮಗುವೂ ಅಸಡ್ಡೆಯಿಂದ ಬಂಡೆಗೆ ಬಡಿಯಲು ಬಿಡುವುದಿಲ್ಲ. 1941ರಲ್ಲಿ ನದೀತೀರದಲ್ಲಿ ದೋಣಿಮನೆ ನಿರ್ಮಾಣವಾಯಿತು. 1946ರಲ್ಲಿ ಈ ಪ್ರಯತ್ನ ಲಾಭರಹಿತ ಸಂಸ್ಥೆಯಾಗಿ ವಿಧಿವತ್ತಾಗಿ ನೋಂದಾಯಿತವಾಯಿತು.

ಈ ಸಂಸ್ಥೆಯ ರಚನೆಯಲ್ಲಿ ನಾಲ್ಕು ಅಂಶಗಳು ಗಮನಾರ್ಹವಾಗಿವೆ.

ಮೊದಲನೆಯದು, ಒಡೆತನ ಮತ್ತು ಬಳಕೆಯ ಪ್ರತ್ಯೇಕತೆ. ನೆಲವೂ ದೋಣಿಮನೆಯೂ ಸರ್ಕಾರದ್ದು, ದೋಣಿಗಳು ಸಂಸ್ಥೆಯವು, ಸದಸ್ಯನದು ಬಳಸುವ ಹಕ್ಕು ಮಾತ್ರ. ಯಾರಿಗೂ ತನ್ನದೆಂಬ ದೋಣಿ ಇಲ್ಲದಿರುವುದರಿಂದ ಒಂದೇ ದೋಣಿ ದಿನಕ್ಕೆ ಹಲವರಿಗೆ ಒದಗುತ್ತದೆ.

ಎರಡನೆಯದು, ಶುಲ್ಕದ ನೀತಿ. ಬೇಸಿಗೆಯುದ್ದಕ್ಕೂ ಮಕ್ಕಳಿಗೆ ಒಂದು ಡಾಲರ್ ಎಂಬುದು ಈ ಸಂಸ್ಥೆಯ ದೀರ್ಘಕಾಲದ ಹೆಗ್ಗುರುತಾಗಿತ್ತು. ಅನಂತರ ಕುಟುಂಬದ ಆದಾಯಕ್ಕೆ ತಕ್ಕಂತೆ ಏರುವ ಶುಲ್ಕಪದ್ಧತಿ ಬಂದಿದ್ದರೂ ಅದರ ಮೊದಲ ಮೆಟ್ಟಿಲು ಒಂದು ಡಾಲರೇ. ಉಚಿತವೆಂದರೆ ಮಗು ಫಲಾನುಭವಿ. ಒಂದು ಡಾಲರ್ ಕೊಟ್ಟರೆ ಅದೇ ಮಗು ಸದಸ್ಯ. ವಯಸ್ಕರ ಸದಸ್ಯತ್ವ ಶುಲ್ಕ ಮತ್ತು ದಾನಿಗಳ ನೆರವಿನಿಂದ ಉಳಿದ ವೆಚ್ಚ ತೂಗುತ್ತದೆ.

ಮೂರನೆಯದು, ಅರ್ಹತೆಯ ನಿಯಮ. ಅಂದಿನ ಗಾಳಿಯ ಬಲವನ್ನು ನೋಡಿ ದಡದಲ್ಲಿ ಹಸಿರು, ಹಳದಿ ಅಥವಾ ಕೆಂಪು ಬಾವುಟ ಏರಿಸಲಾಗುತ್ತದೆ. ಆ ಬಣ್ಣದ ಪರೀಕ್ಷೆಯಲ್ಲಿ ಉತ್ತೀರ್ಣನಾದವನಿಗೆ ಮಾತ್ರ ದೋಣಿಯ ಚುಕ್ಕಾಣಿ. ಇಲ್ಲಿ ಹಣವಂತನಿಗೆ ಬೇರೆ ಬಾವುಟವಿಲ್ಲ.

ನಾಲ್ಕನೆಯದು, ಕಲಿತವನು ಕಲಿಸುವ ಸಂಪ್ರದಾಯ. ಅನುಭವಿ ಸದಸ್ಯರು ಸ್ವಯಂಸೇವಕರಾಗಿ ಹೊಸಬರಿಗೆ ತರಬೇತಿ ನೀಡುತ್ತಾರೆ. ಈ ಶ್ರಮ ಯಾವ ಅಢಾವೆ ಪತ್ರಿಕೆಯ ಆಸ್ತಿಯ ಕಡೆಯಲ್ಲೂ ಕಾಣುವುದಿಲ್ಲ. ಆದರೆ ಅದನ್ನು ತೆಗೆದುಹಾಕಿದರೆ ಪತ್ರಿಕೆಯ ಉಳಿದ ಅಂಕಿಗಳೂ ಉಳಿಯುವುದಿಲ್ಲ.

ಈ ರಚನೆಗೆ ಕಠಿಣ ಪರೀಕ್ಷೆ ಎದುರಾದದ್ದು ನಂತರದ ವರ್ಷಗಳಲ್ಲಿ. 1951ರ ವೇಳೆಗೆ ನದೀತೀರದ ಉದ್ಯಾನದ ಅಂಚಿನಲ್ಲಿ ಹೆದ್ದಾರಿ ಬಂದಿತು. ಹೆಲೆನ್ ಸ್ಟಾರೊ ಅವರು ವಿರೋಧಿಸಿದ್ದ ಆ ರಸ್ತೆಗೆ ಅವರ ಪತಿಯ ಹೆಸರನ್ನೇ ಇಡಲಾದದ್ದು ವಿಪರ್ಯಾಸ. 1958ರಿಂದ ನಗರ ನವೀಕರಣದ ಹೆಸರಿನಲ್ಲಿ ವೆಸ್ಟ್ ಎಂಡ್ ಬಡಾವಣೆಯನ್ನೇ ನೆಲಸಮಗೊಳಿಸಲಾಯಿತು. ಸಾವಿರಾರು ಕುಟುಂಬಗಳು ಚದುರಿಹೋದವು. ಯಾವ ಮಕ್ಕಳಿಗಾಗಿ ಸಂಸ್ಥೆ ಹುಟ್ಟಿತೋ ಅವರ ಬೀದಿಗಳೇ ಇಲ್ಲವಾದವು. ಆದರೂ ಸಂಸ್ಥೆ ಉಳಿಯಿತು. ಅದರ ಬಾಗಿಲು ಒಂದು ಬೀದಿಯವರಿಗೆ ಅಥವಾ ಒಂದು ಜನಾಂಗಕ್ಕೆ ಮೀಸಲಾಗಿರಲಿಲ್ಲ. ನಿಯಮ ಪಾಲಿಸುವ ಯಾರಿಗಾದರೂ ತೆರೆದಿತ್ತು. ಇಂದು ಅಂಗವಿಕಲರಿಗೆ ಹೊಂದುವ ದೋಣಿ ಮತ್ತು ತರಬೇತಿಯನ್ನೂ ಅದು ಒದಗಿಸುತ್ತಿದೆ.

ಸ್ಟಾರೊ ಕುಟುಂಬದ 10 ಲಕ್ಷ ಡಾಲರ್ ಇಲ್ಲದಿದ್ದರೆ ಇದೆಲ್ಲ ಸಾಧ್ಯವಿತ್ತೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ದಾನದ ಹಣ ದಡವನ್ನು ಕಟ್ಟಿಕೊಟ್ಟೀತು, ಪ್ರತಿದಿನ ಸಂಜೆ ಹಾಯಿ ಮಡಿಸಿಡುವವನನ್ನು ತಂದುಕೊಡಲಾರದು. ದಾನ ಅಥವಾ ಅನುದಾನದಿಂದ ಆರಂಭವಾಗಿ, ಅದು ಮುಗಿದೊಡನೆ ಮುಗಿದುಹೋದ ಸಂಸ್ಥೆಗಳು ನಮ್ಮ ಸುತ್ತಮುತ್ತಲೇ ಇವೆ.

ಇಲ್ಲಿ ನಮ್ಮ ಸಾಮಾನ್ಯ ಸೌಲಭ್ಯ ಕೇಂದ್ರಗಳ ವಿಚಾರ ಬರುತ್ತದೆ. ಲೆಕ್ಕಪತ್ರ ಮಾನದಂಡ 12ರ ಪ್ರಕಾರ, ಒಂದು ಯಂತ್ರದ ಸಂಪೂರ್ಣ ಅಥವಾ ಬಹುತೇಕ ಬೆಲೆ ಸರ್ಕಾರಿ ಅನುದಾನದಿಂದಲೇ ಬಂದಿದ್ದರೆ, ಆ ಅನುದಾನವನ್ನು ಬೆಲೆಯಿಂದ ಕಳೆದು ಯಂತ್ರವನ್ನು ಪುಸ್ತಕದಲ್ಲಿ ನಾಮಮಾತ್ರ ಮೌಲ್ಯಕ್ಕೆ, ಅಂದರೆ ಒಂದು ರೂಪಾಯಿಗೆ ತೋರಿಸಲು ಅವಕಾಶವಿದೆ. ಮಾನದಂಡದಲ್ಲಿ ದೋಷವಿಲ್ಲ. ಆದರೆ ಇದರ ಪರಿಣಾಮವನ್ನು ಆಡಳಿತ ಮಂಡಳಿಗಳು ಅರಿಯಬೇಕು. ಪುಸ್ತಕದಲ್ಲಿ ಒಂದು ರೂಪಾಯಿಯ ಯಂತ್ರಕ್ಕೆ ಸವಕಳಿ ಇಲ್ಲ. ಸವಕಳಿ ಇಲ್ಲದ ಲೆಕ್ಕದಿಂದ ಬಳಕೆ ಶುಲ್ಕ ನಿಗದಿ ಮಾಡಿದರೆ ದರ ಅಗ್ಗವಾಗಿ ಕಾಣುತ್ತದೆ, ಸದಸ್ಯರು ಸಂತೋಷಪಡುತ್ತಾರೆ. ಆದರೆ ಯಂತ್ರ ಮಾತ್ರ ಪುಸ್ತಕವನ್ನು ಓದುವುದಿಲ್ಲ. ಅದು ತನ್ನ ಪಾಡಿಗೆ ಸವೆಯುತ್ತಲೇ ಇರುತ್ತದೆ. ಹತ್ತು ವರ್ಷದ ನಂತರ ಹೊಸ ಯಂತ್ರಕ್ಕೆ ನಿಧಿ ಇರುವುದಿಲ್ಲ, ಎರಡನೆಯ ಅನುದಾನದ ಅರ್ಜಿ ಸಿದ್ಧವಾಗುತ್ತದೆ.

ಆದುದರಿಂದ ಇಂತಹ ಕೇಂದ್ರಗಳನ್ನು ಸ್ಥಾಪಿಸುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ಪುಸ್ತಕದ ಮೌಲ್ಯ ಏನೇ ಇರಲಿ, ಯಂತ್ರದ ನಿಜವಾದ ಬದಲಿ ವೆಚ್ಚವನ್ನು ಅಂದಾಜಿಸಿ, ಪ್ರತಿ ಗಂಟೆಯ ಶುಲ್ಕದ ಒಂದು ಭಾಗವನ್ನು ಮರುಸ್ಥಾಪನಾ ನಿಧಿಗೆ ವರ್ಗಾಯಿಸಿರಿ. ಸಣ್ಣ ಘಟಕಕ್ಕೆ ರಿಯಾಯಿತಿ ನೀಡುವುದಾದರೆ ನೀಡಿರಿ. ಆದರೆ ಆ ರಿಯಾಯಿತಿಯ ಮೊತ್ತ ಯಾರ ಲೆಕ್ಕಕ್ಕೆ ಬೀಳುತ್ತದೆಂಬುದನ್ನು ಬರೆದಿಡಿರಿ. ಯಂತ್ರ ನಡೆಸಲು ಬಲ್ಲವನಿಗೆ ಮಾತ್ರ ಯಂತ್ರ ಎಂಬ ನಿಯಮ ಅಧ್ಯಕ್ಷರ ಘಟಕಕ್ಕೂ ಅನ್ವಯಿಸಲಿ. ನುರಿತ ಸದಸ್ಯ ಹೊಸಬನಿಗೆ ತಿಂಗಳಿಗೆ ಕೆಲವು ಗಂಟೆ ಕಲಿಸುವುದು ಸದಸ್ಯತ್ವದ ಷರತ್ತಾಗಲಿ.

ಬಾಸ್ಟನ್ನಿನ ಮಗು ಕೊಟ್ಟ ಒಂದು ಡಾಲರ್ ದೋಣಿಯ ಬೆಲೆಯಾಗಿರಲಿಲ್ಲ. ಹೊಣೆಯಲ್ಲಿ ತನ್ನದೂ ಪಾಲಿದೆ ಎಂಬುದರ ರಸೀದಿಯಾಗಿತ್ತು. ನಮ್ಮ ಪುಸ್ತಕದ ಒಂದು ರೂಪಾಯಿ ಯಂತ್ರದ ಬೆಲೆಯೆಂದು ನಂಬಿ ಕುಳಿತರೆ, ಆ ಹೊಣೆಯನ್ನೇ ನಾವು ಪುಸ್ತಕದಿಂದ ಅಳಿಸಿದಂತಾಗುತ್ತದೆ.