ಕೌಂಟರ್ ಕೆಳಗಿನ ಕೆಗ್, ಕಿರಾಣಿ ಅಂಗಡಿಯ ಪ್ಯಾಕೆಟ್

ಹೊಸಪೇಟೆಯಲ್ಲಿ ದೊಡ್ಡ ಮನೆ ಕಟ್ಟಿಸುವವರು ಇಂಟೀರಿಯರ್‌ನವರಿಗೆ ಕೊಡುವ ಪಟ್ಟಿಯಲ್ಲಿ ಮಾಡ್ಯುಲರ್ ಕಿಚನ್, ಹೋಮ್ ಥಿಯೇಟರ್ ಆದಮೇಲೆ ಈಗ ಹೋಮ್ ಬಾರ್ ಬಂದು ಕೂತಿದೆ. ಗ್ರಾನೈಟ್ ಕೌಂಟರ್, ಅದರ ಕೆಳಗೆ ಡ್ರಾಫ್ಟ್ ಬಿಯರ್ ಫ್ರಿಜ್, ಮೇಲೆ ಹೊಳೆಯುವ ಒಂದು ನಲ್ಲಿ. ದೇವರ ಮನೆಗೆ ಈಶಾನ್ಯ ಹುಡುಕುವವರು ಇದಕ್ಕೂ ಒಂದು ದಿಕ್ಕು ಹುಡುಕಿಕೊಡುತ್ತಾರೆ ಅಂತ ಕಾಣುತ್ತದೆ. ಯೂಟ್ಯೂಬ್‌ನ 'ಹೋಮ್ ಟೂರ್'ಗಳಲ್ಲಿ ಕ್ಯಾಮೆರಾ ಹೆಚ್ಚು ಹೊತ್ತು ನಿಲ್ಲುವುದು ಅಲ್ಲೇ.

ನಮ್ಮ ಜಗಳ ಬಿಯರ್ ಜೊತೆಗಲ್ಲ. ನಮ್ಮೊಳಗೇ ಕುಡಿಯುವವರಿದ್ದಾರೆ, ಕುಡಿಯದವರಿದ್ದಾರೆ. ಜಗಳ ಇರುವುದು ಈ ನಲ್ಲಿಗೆ ಒಂದು ಭಾಷೆ, ಕಂಪ್ಲಿಯ ಗದ್ದೆಯಿಂದ ಸಂಜೆ ಮನೆಗೆ ಹೋಗುವವನ ಜೇಬಿನ ಪ್ಯಾಕೆಟ್ಟಿಗೆ ಇನ್ನೊಂದು ಭಾಷೆ ಇಟ್ಟುಕೊಂಡಿರುವ ನಮ್ಮ ಕಸುಬಿನ ಜೊತೆ. ಒಂದೇ ದಿನದ, ಒಂದೇ ಸುದ್ದಿಸಂಸ್ಥೆಯ ಒಂದು ಪುಟದಲ್ಲಿ ಇದು 'ಅಭಿರುಚಿ', ಇನ್ನೊಂದು ಪುಟದಲ್ಲಿ 'ಕುಡುಕ'.

ಮೊದಲು ಆ ಫ್ರಿಜ್ ಏನು ಅಂತ ನೋಡೋಣ. ಅದರೊಳಗೆ ಬಾಟಲಿ ಇರುವುದಿಲ್ಲ, ಕೆಗ್ ಇರುತ್ತದೆ. ಕೆಗ್ ಅಂದರೆ ಉಕ್ಕಿನ ಪೀಪಾಯಿ. ಪಬ್ಬುಗಳಿಗೆ ಬರುವುದು ಸಾಮಾನ್ಯವಾಗಿ 30 ಅಥವಾ 50 ಲೀಟರಿನದು. ತುಂಬಿದ 30 ಲೀಟರಿನ ಕೆಗ್ ಸುಮಾರು 40 ಕೆಜಿ ತೂಗುತ್ತದೆ, ಎತ್ತಿಡಲು ಇಬ್ಬರು ಬೇಕು. ಪಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್. ಅದರ ಒತ್ತಡಕ್ಕೆ ಬಿಯರ್ ಪೈಪಿನಲ್ಲಿ ಮೇಲೇರಿ ನಲ್ಲಿಗೆ ಬರುತ್ತದೆ. ಉಷ್ಣಾಂಶ 3-4 ಡಿಗ್ರಿಯಲ್ಲಿ ನಿಲ್ಲಬೇಕು, ಏರಿತೆಂದರೆ ಗ್ಲಾಸಿನಲ್ಲಿ ಬರೀ ನೊರೆ. ಪೈಪನ್ನು ಎರಡು ವಾರಕ್ಕೊಮ್ಮೆ ತೊಳೆಯದಿದ್ದರೆ ಹುಳಿ ವಾಸನೆ. ಒಮ್ಮೆ ತೆರೆದ ಕೆಗ್ಗನ್ನು ಕೆಲವೇ ವಾರಗಳಲ್ಲಿ ಮುಗಿಸಬೇಕು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ, ಕರೆಂಟು ಮನಸ್ಸು ಬಂದಾಗ ಹೋಗುವ ನಮ್ಮ ಸೀಮೆಯಲ್ಲಿ ಇದನ್ನು ಸಾಕುವುದು ಎಮ್ಮೆ ಸಾಕುವುದಕ್ಕಿಂತ ಕಷ್ಟ. ಆ ಪೈಪು ತೊಳೆಯುವ ಕೈ ಮನೆಯ ಯಜಮಾನನದ್ದಾಗಿರುತ್ತದೆ ಅಂತ ನಮಗೇನೂ ನಂಬಿಕೆ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ನಡುವೆ ಮದ್ಯದಂಗಡಿ ತೆರೆದ ದಿನ ಬೆಂಗಳೂರಿನ 52,841 ರೂಪಾಯಿಯ ಒಂದು ಬಿಲ್ ವಾಟ್ಸಾಪ್‌ನಲ್ಲಿ ಹರಿದಾಡಿದ್ದು ನೆನಪಿರಬಹುದು. ಒಬ್ಬರಿಗೆ ಒಂದು ದಿನಕ್ಕೆ 2.6 ಲೀಟರಿಗಿಂತ ಹೆಚ್ಚು ಮದ್ಯ, ಅಥವಾ 18 ಲೀಟರಿಗಿಂತ ಹೆಚ್ಚು ಬಿಯರ್ ಮಾರುವಂತಿಲ್ಲ ಎಂಬ ನಿಯಮ ಊರಿಗೆಲ್ಲ ಗೊತ್ತಾಗಿದ್ದೇ ಆಗ. 18 ಲೀಟರ್ ಅಂದರೆ 650 ಎಂಎಲ್‌ನ 27 ಬಾಟಲಿ. 30 ಲೀಟರಿನ ಕೆಗ್ ಅಂದರೆ 46 ಬಾಟಲಿ. ಹಾಗಾದರೆ ಕೌಂಟರ್ ಕೆಳಗೆ ಕೆಗ್ ಬಂದು ಕೂತಿದ್ದು ಯಾವ ಅಂಗಡಿಯಿಂದ, ಯಾವ ಬಿಲ್ಲಿನಲ್ಲಿ? ಹೋಮ್ ಟೂರ್ ಮಾಡುವ ನಮ್ಮ ಮಿತ್ರರು ನಲ್ಲಿಯ ಬ್ರಾಂಡ್ ಕೇಳುತ್ತಾರೆ, ಗ್ರಾನೈಟ್ ಎಲ್ಲಿಯದು ಅಂತ ಕೇಳುತ್ತಾರೆ, ಇದೊಂದನ್ನು ಕೇಳಿದ್ದನ್ನು ನಾವು ಕಂಡಿಲ್ಲ.

ಅದೇ ಕಂಪ್ಲಿ ಕಡೆಯ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ 90 ಎಂಎಲ್‌ನ 20 ಟೆಟ್ರಾ ಪ್ಯಾಕ್ ಸಿಕ್ಕರೆ? ಒಟ್ಟು 1.8 ಲೀಟರ್. ಮರುದಿನದ ಪೊಲೀಸ್ ಪ್ರಕಟಣೆಯಲ್ಲಿ ಅಬಕಾರಿ ಕಾಯ್ದೆ 1965ರ ಕಲಂ, ಪ್ಯಾಕೆಟ್ಟಿನ ಬೆಲೆ, ಆರೋಪಿಯ ಹೆಸರು, ತಂದೆಯ ಹೆಸರು, ವಯಸ್ಸು, ಕೆಲವೊಮ್ಮೆ ಜಾತಿ ಕೂಡ. ಲೈಸೆನ್ಸ್ ಇಲ್ಲದೆ ಮಾರುವುದು ಅಪರಾಧ, ಕೇಸು ಹಾಕಲಿ. ಆದರೆ ಪ್ರಕಟಣೆ ಅಕ್ಷರಕ್ಕಕ್ಷರ ಸುದ್ದಿಯಾಗುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ವರದಿಗಾರಿಕೆ ಇದು. ಆ ಪ್ಯಾಕೆಟ್‌ಗಳು ಲೈಸೆನ್ಸ್ ಇರುವ ಯಾವ ಅಂಗಡಿಯಿಂದ ಹೊರಟವು ಅಂತ ಕೇಳಿದರೆ ಸುದ್ದಿ ಮೇಲಕ್ಕೆ ಹತ್ತುತ್ತದೆ. ಹತ್ತಿಸುವುದಿಲ್ಲ ನಾವು.

ಇದು ಇವತ್ತಿನದಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಸಾರಾಯಿ ಕುಡಿಯುತ್ತಿದ್ದವರು ಕುಡಿಯುವುದನ್ನು ನಿಲ್ಲಿಸಲಿಲ್ಲ, ಅಗ್ಗದ ವಿಸ್ಕಿ ಪ್ಯಾಕೆಟ್ಟಿಗೆ ಬಂದರು. 2023ರ ಜುಲೈ ಬಜೆಟ್‌ನಲ್ಲಿ ಎಲ್ಲ 18 ಸ್ಲ್ಯಾಬ್‌ಗಳ ಮೇಲೂ ಹೆಚ್ಚುವರಿ ಅಬಕಾರಿ ಸುಂಕ ಶೇ 20ರಷ್ಟು ಏರಿತು. ಏರಿದ ಸುಂಕ ಕೂಲಿಯ ಜೇಬಿಗೆ ತಟ್ಟಿದಷ್ಟು ಗ್ರಾನೈಟ್ ಕೌಂಟರಿಗೆ ತಟ್ಟುವುದಿಲ್ಲ. 2025-26ರ ಬಜೆಟ್ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಅದರಲ್ಲಿ 'ಕುಡುಕ' ಕಟ್ಟಿದ ಪಾಲಿದೆ, ಆದರೆ ಅವನನ್ನು 'ತೆರಿಗೆದಾರ' ಅಂತ ಬರೆದ ಒಂದು ಶೀರ್ಷಿಕೆ ನಮಗೆ ಸಿಕ್ಕಿಲ್ಲ.

ಹಂಪಿಯಲ್ಲಿ ಮದ್ಯ ಮಾರುವುದಿಲ್ಲ, ಬೇಕಾದವರು ಕಮಲಾಪುರಕ್ಕೋ ಹೊಸಪೇಟೆಗೋ ಬರಬೇಕು. ಆಟೋದವನ ಸೀಟಿನ ಕೆಳಗೆ ಬಾಟಲಿ ಸಿಕ್ಕರೆ ಕ್ಷೇತ್ರದ ಪಾವಿತ್ರ್ಯಕ್ಕೆ ಧಕ್ಕೆ. ಸುತ್ತಲಿನ ರೆಸಾರ್ಟಿನ ಬಾರ್ ಮಾತ್ರ ಪ್ರವಾಸೋದ್ಯಮ. ಸಂಡೂರಿನಲ್ಲಿ ಅದಿರು ಧೂಳೆಬ್ಬಿಸಿದ ವರ್ಷಗಳಲ್ಲಿ, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವತನಕ, ಲಾರಿ ಡ್ರೈವರ್‌ಗಳ ಕುಡಿತದ ಬಗ್ಗೆ ಬರೆದವರು ಬಹಳ ಮಂದಿ. ಲಾರಿಗಳ ಮಾಲೀಕರು ಎಲ್ಲಿ ಕೂತು ಏನು ಕುಡಿಯುತ್ತಿದ್ದರು ಅಂತ ಯಾರೂ ವಿಚಾರಿಸಿದಂತಿಲ್ಲ.

'ಮನೆಯೊಳಗೆ, ತನ್ನ ದುಡ್ಡಿನಲ್ಲಿ, ಯಾರಿಗೂ ತೊಂದರೆ ಕೊಡದೆ ಕುಡಿದರೆ ನಿಮಗೇನು?' ಅನ್ನುವವರಿದ್ದಾರೆ. ಒಳ್ಳೆಯ ಪ್ರಶ್ನೆಯೇ. ಆದರೆ ಮನೆಯೊಳಗೆ ಕುಡಿದರೆ ಯಾರಿಗೂ ತೊಂದರೆ ಇಲ್ಲ ಎಂದು ಹೇಳುವ ಹಕ್ಕು ಕುಡಿಯುವವನದಲ್ಲ, ಆ ಮನೆಯಲ್ಲಿ ಇರುವವರದು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಕೇಳಿ ಸಾವಿರಾರು ಹೆಣ್ಣುಮಕ್ಕಳು ಸುಮಾರು 200 ಕಿಲೋಮೀಟರ್ ನಡೆದರು. ಅವರ ನಿಷೇಧದ ಬೇಡಿಕೆಯನ್ನು ನಮ್ಮಲ್ಲಿ ಎಲ್ಲರೂ ಒಪ್ಪುವುದಿಲ್ಲ. ಆದರೆ ಕುಡಿತ ಮನೆಯ ಹೊಸ್ತಿಲು ದಾಟಿದ ಮೇಲೆ ಏನಾಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಆ ಗುಡಿಸಲಿಗೂ ಈ ಡೂಪ್ಲೆಕ್ಸಿಗೂ ಇರುವ ವ್ಯತ್ಯಾಸ, ಇಲ್ಲಿನ ಗೋಡೆ ದಪ್ಪ, ಸದ್ದು ಹೊರಗೆ ಬರುವುದಿಲ್ಲ.

ಆದ್ದರಿಂದ ಈ ಬ್ಲಾಗಿನಲ್ಲಿ ಬರೆಯುವ ನಾವು ಇಷ್ಟನ್ನು ಮಾಡಲು ಹೊರಟಿದ್ದೇವೆ. ಮದ್ಯದ ಸುದ್ದಿಯಲ್ಲಿ 'ಕುಡುಕ' ಎಂಬ ಪದ ಬಳಸುವುದಿಲ್ಲ. ಪ್ಯಾಕೆಟ್ ಹಿಡಿದ ಸುದ್ದಿ ಬರೆದರೆ ಅದು ಎಲ್ಲಿಂದ ಬಂತು ಎಂಬ ಪ್ರಶ್ನೆ ಇಲ್ಲದೆ ಹಾಕುವುದಿಲ್ಲ. ಹೋಮ್ ಬಾರ್ ತೋರಿಸಲು ಯಾರಾದರೂ ಕರೆದರೆ ಖಂಡಿತ ಹೋಗುತ್ತೇವೆ, ಕೌಂಟರ್ ಹೊಗಳುವ ಮೊದಲು ಕೆಗ್ಗಿನ ಬಿಲ್ ಕೇಳುತ್ತೇವೆ, ಅಡುಗೆಮನೆಯಲ್ಲಿರುವವರನ್ನೂ ಮಾತಾಡಿಸುತ್ತೇವೆ. ಸಂಡೂರು, ಕಂಪ್ಲಿ, ಹೊಸಪೇಟೆಯ ವರದಿಗಾರ ಮಿತ್ರರು ಜೊತೆ ಸೇರುವುದಾದರೆ ಬರಲಿ.