ಕಟ್ಟಡಕ್ಕೆ ಬಂದ್, ಭಯಕ್ಕೆ ಕೌನ್ಸೆಲಿಂಗ್

2023ರ ಸೆಪ್ಟೆಂಬರಿನಲ್ಲಿ ರಾಮನಗರ ಬಂದ್ ಆಯಿತು. ಊರಿಗೆ ಬರಬೇಕಾದ ಮೆಡಿಕಲ್ ಕಾಲೇಜು ಕನಕಪುರದ ಪಾಲಾಗುತ್ತಿದೆ ಎಂಬ ಸಿಟ್ಟು. ಅದಕ್ಕೂ ನಾಲ್ಕು ವರ್ಷ ಮೊದಲು, ತನ್ನ ಕಾಲೇಜು ಚಿಕ್ಕಬಳ್ಳಾಪುರಕ್ಕೆ ಹೋಯಿತೆಂದು ಕನಕಪುರವೇ ಸಿಟ್ಟಾಗಿತ್ತು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವನ್ನೇ ರಾಮನಗರದ ಅರ್ಚಕರಹಳ್ಳಿಗೆ ತರುವ ಮಾತಿಗಂತೂ ದಶಕ ಮೀರಿದ ವಯಸ್ಸು. ಕಟ್ಟಡ ಎಲ್ಲಿ ಏಳಬೇಕೆಂದು ಇಷ್ಟೆಲ್ಲ ಜಗಳವಾಡಿದ ನಾವು, ಪರೀಕ್ಷಾ ಕೊಠಡಿಯಲ್ಲಿ ಕೂತವರ ಕೈ ಯಾಕೆ ನಡುಗುತ್ತದೆಂದು ಕೇಳಿದ್ದು ಕಡಿಮೆ.

ಕೇಳಿದಾಗಲೂ ಸಿಗುವ ಉತ್ತರ ಒಂದೇ: ಮಕ್ಕಳ ಮನಸ್ಸು ದುರ್ಬಲ, ಕೌನ್ಸೆಲಿಂಗ್ ಕೊಡಿಸಿ, ಪ್ರಾಣಾಯಾಮ ಮಾಡಿಸಿ. ಇವು ಕೆಟ್ಟವಲ್ಲ. ಆದರೆ ಎಂಬಿಬಿಎಸ್ ಮೊದಲ ವರ್ಷವನ್ನು ನಾಲ್ಕು ಯತ್ನಗಳಲ್ಲಿ ದಾಟದಿದ್ದರೆ ಕೋರ್ಸೇ ಕೈತಪ್ಪುತ್ತದೆ. ರೇಷ್ಮೆಗೂಡು ಮಾರಿ ಫೀಸು ಕಟ್ಟಿದ ಮನೆಯಲ್ಲಿ ಒಂದು ಫೇಲು ಎಂದರೆ ಇನ್ನೊಂದು ಸಾಲ. ಇಂಥ ಭಯ ಕಾಯಿಲೆಯಲ್ಲ, ಲೆಕ್ಕಾಚಾರ.

ಈ ಭಯಕ್ಕೆ ಭಾಷೆಯೂ ಸೇರುತ್ತದೆ. ಮಾಗಡಿ, ಚನ್ನಪಟ್ಟಣದ ಹಳ್ಳಿಗಳಿಂದ ನರ್ಸಿಂಗ್‌ಗೆ ಬರುವ ಅನೇಕರು ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವರು. ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ಕ್ರಮ ಅವರಿಗೆ ಗೊತ್ತು. ಅದನ್ನೇ ಇಂಗ್ಲಿಷಿನಲ್ಲಿ ಎರಡು ಪುಟ ಬರೆಯಲು ಕೂತಾಗ ವಾಕ್ಯ ಮುರಿಯುತ್ತದೆ. ವೈವಾದಲ್ಲಿ ಉತ್ತರ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಎದುರಿಗಿದ್ದವರು ಬರೆದುಕೊಳ್ಳುವುದು 'ಓದಿಲ್ಲ' ಎಂದು.

2017ರಿಂದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಬಾಗಿಲಲ್ಲಿ ಸಲ್ಲುವ ಕನ್ನಡ ಒಳಗೆ ಹೋದೊಡನೆ ಅಪರಾಧವಾಗುವುದು ಹೇಗೆ? ವೈದ್ಯಕೀಯ ಜಗತ್ತಿನ ಭಾಷೆ ಇಂಗ್ಲಿಷ್ ಎನ್ನುತ್ತಾರೆ. ಇರಲಿ, ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲೇ ಇರಲಿ. 2022ರಲ್ಲಿ ಮಧ್ಯಪ್ರದೇಶ ಎಂಬಿಬಿಎಸ್‌ಗೆ ಹಿಂದಿ ಪಠ್ಯಪುಸ್ತಕಗಳನ್ನೇ ತಂದಿತು. ಇಲ್ಲಿ ಕೇಳುತ್ತಿರುವುದು ಅಷ್ಟು ದೊಡ್ಡದೂ ಅಲ್ಲ: ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿರಲಿ, ವಿವರಣೆಯನ್ನು ಕನ್ನಡದಲ್ಲಿ ಬರೆಯಲು ಬಿಡಿ, ವೈವಾದಲ್ಲಿ ಕನ್ನಡದ ಉತ್ತರಕ್ಕೂ ಅಂಕ ಕೊಡಿ. ಮೊದಲ ವರ್ಷವೇ ಇಂಗ್ಲಿಷನ್ನು ಸರಿಯಾಗಿ ಕಲಿಸಿ.

ನಾಳೆ ಇವರ ಮುಂದೆ ಕೂರುವ ರೋಗಿ 'ಎದೆ ಹಿಡ್ಕೊಂಡಂಗಾಯ್ತದೆ ಕಣವ್ವ' ಎನ್ನುತ್ತಾನೆ. ಆ ಮಾತು ಅರ್ಥವಾಗುವ ಮಕ್ಕಳನ್ನೇ ಫೇಲು ಮಾಡಿ ಹೊರಗಟ್ಟುವುದಾದರೆ, ಕಾಲೇಜು ರಾಮನಗರದಲ್ಲಿದ್ದರೇನು, ಕನಕಪುರದಲ್ಲಿದ್ದರೇನು?